ಬಳಸಿದ ಆಫೀಸು ದೂರವಾಣಿಯನ್ನು ಮನೆಯಲ್ಲಿ ಜೋಡಿಸುವ ಕ್ರಮ

ನಗರದ ಕಚೇರಿಗಳಲ್ಲಿ ಮೇಜಿಗೊಂದರಂತೆ ಇರುತ್ತಿದ್ದ ಅಂತರ್ಜಾಲ ದೂರವಾಣಿಗಳು, ಅಂದರೆ ಐಪಿ ಫೋನುಗಳು, ಕೆಲವು ವರ್ಷಗಳಿಂದ ಹಳೆಯ ಸಾಮಾನಿನ ಅಂಗಡಿಗಳಿಗೆ ಬಂದು ಬೀಳುತ್ತಿವೆ. 2020ರ ಕೊರೊನಾ ಕಾಲದಲ್ಲಿ ನೌಕರರು ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ ಎಷ್ಟೋ ಕಚೇರಿಗಳಿಗೆ ಮೇಜಿನ ಫೋನು ಬೇಡವಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಇವು ಹೊಸದರ ಬೆಲೆಗಿಂತ ಬಹಳ ಕಡಿಮೆಗೆ ಸಿಗುತ್ತವೆ. ಪಟ್ಟಣದಲ್ಲಿ ನೌಕರಿಗಿರುವ ಮಕ್ಕಳು ಹಬ್ಬಕ್ಕೆ ಬರುವಾಗ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದು ಅಪ್ಪ ಅವ್ವನ ಮುಂದೆ ಇಡುವುದೂ ಉಂಟು. ಇಟ್ಟ ಮೇಲೆ ಮುಂದೇನು ಎಂಬುದು ಮಾತ್ರ ಹಲವರಿಗೆ ತಿಳಿಯದು. ಆದಕಾರಣ ಈ ಸಂಚಿಕೆಯಲ್ಲಿ ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಕೈಯಲ್ಲಿ ಮೊಬೈಲು ಇರುವಾಗ ಇದು ಏಕೆ ಬೇಕು ಎಂದು ಕೇಳಬಹುದು. ಮೊಬೈಲಿಗೆ ಬದಲು ಎಂದು ನಾವು ಇದನ್ನು ಹೇಳುತ್ತಿಲ್ಲ. ಕಣ್ಣು ಮಂಜಾದ, ಬೆರಳು ನಡುಗುವ ಹಿರಿಯರಿಗೆ ನುಣುಪು ಗಾಜಿನ ಮೇಲೆ ಹೆಸರು ಹುಡುಕುವುದು ಕಷ್ಟ. ಗುಂಡಿ ಒತ್ತುವ, ಕೈತುಂಬ ಹಿಡಿಯುವ, ಪಡಸಾಲೆಯಲ್ಲಿ ಒಂದೇ ಜಾಗದಲ್ಲಿ ಇರುವ ಫೋನು ಸುಲಭ. ಮಲೆನಾಡಿನ ಕಣಿವೆಯ ಮನೆಗಳಲ್ಲಿ ಮೊಬೈಲು ಹಿಡಿದು ಅಂಗಳದ ಮೂಲೆಗೆ ಓಡಬೇಕು. ಅಂಥ ಮನೆಗೂ ಫೈಬರ್ ತಂತಿ ಬಂದಿದ್ದರೆ ಈ ಫೋನು ಒಳಗೇ ಸ್ಪಷ್ಟವಾಗಿ ಮಾತಾಡುತ್ತದೆ. ಬಯಲುಸೀಮೆಗೂ ಈಗ ಅಡಿಕೆ ಹಬ್ಬಿದೆ. ವರದಾ ದಂಡೆಯ ಹೊಸರಿತ್ತಿಯಂಥ ಊರಿನಲ್ಲಿ ಗಂಡಸರು ಹೊಲಕ್ಕೋ ಹಾವೇರಿ, ಬ್ಯಾಡಗಿ ಪೇಟೆಗೋ ಹೋದಾಗ ಮನೆಯಲ್ಲಿ ಉಳಿಯುವವರು ಹಿರಿಯರು. ಅವರ ಕೈಗೆ ಎಟುಕುವ ಒಂದು ಫೋನು ಇರಲೇಬೇಕು.

ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕೊಂಡ ಫೋನು ಅರ್ಧ ಮಾತ್ರ. ಉಳಿದರ್ಧ ಅದರ ಮೇಲಿನ ಹಕ್ಕು, ಅದಕ್ಕೆ ಬೇಕಾದ ವಿದ್ಯುತ್ತು, ಅದಕ್ಕೆ ಸಿಗುವ ನಂಬರು. ಈ ಮೂರನ್ನು ವಿಚಾರಿಸದೆ ಹಣ ಕೊಟ್ಟರೆ ಮೇಜಿನ ಮೇಲೆ ಕಾಗದ ಹಾರದಂತೆ ಇಡಲು ಒಂದು ಭಾರ ಸಿಕ್ಕಂತಾಗುತ್ತದೆ, ಅಷ್ಟೆ.

ಹಳೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸ

ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಕಪ್ಪು ಫೋನುಗಳನ್ನು ನಮ್ಮಲ್ಲಿ ಹಿರಿಯರು ಕಂಡಿದ್ದಾರೆ. ಬೆರಳಿಟ್ಟು ತಿರುವುವ ಆ ಫೋನಿಗೆ ಎರಡು ತಾಮ್ರದ ತಂತಿ ಸಾಕಾಗಿತ್ತು. ಅದಕ್ಕೆ ಬೇಕಾದ 48 ವೋಲ್ಟ್ ವಿದ್ಯುತ್ತು ಅದೇ ತಂತಿಯಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಫೋನು ಎತ್ತಿದರೆ ನಾದ ಕೇಳುತ್ತಿದ್ದುದು ಇದರಿಂದ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೆಲಸ ಆರಂಭಿಸಿದ್ದು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಣವಿಲ್ಲದೆ ಹಳ್ಳಿಯ ಧೂಳು, ಬಿಸಿಲುಗಳನ್ನು ತಾಳಿಕೊಳ್ಳುವುದು ಅದರ ಹೆಚ್ಚುಗಾರಿಕೆ. ಅಲ್ಲಿಯೂ ಫೋನಿಗೆ ಉಸಿರು ಎಕ್ಸ್‌ಚೇಂಜಿನಿಂದಲೇ.

ಐಪಿ ಫೋನು ಹಾಗಲ್ಲ. ನೋಡಲು ಫೋನಾದರೂ ಒಳಗೆ ಅದೊಂದು ಸಣ್ಣ ಕಂಪ್ಯೂಟರು. ನಮ್ಮ ಧ್ವನಿಯನ್ನು ಅದು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದ ಮಾತನ್ನು ಒಂದೊಂದು ಕಟ್ಟಾಗಿ ಕಟ್ಟಿ ಅಂತರ್ಜಾಲದಲ್ಲಿ ಕಳಿಸುತ್ತದೆ. ಅಡಿಕೆಯನ್ನು ಚೀಲಕ್ಕೆ ತುಂಬಿ, ಚೀಲಕ್ಕೊಂದು ಸಂಖ್ಯೆ ಹಾಕಿ, ಲಾರಿಗೆ ಏರಿಸಿದ ಹಾಗೆ. ಆಚೆ ಕಡೆಯ ಫೋನು ಸಂಖ್ಯೆ ನೋಡಿ ಚೀಲಗಳನ್ನು ಸಾಲಾಗಿ ಜೋಡಿಸಿ ಮತ್ತೆ ಧ್ವನಿ ಮಾಡುತ್ತದೆ. ತಡವಾಗಿ ಬಂದ ಚೀಲವನ್ನು ಅದು ಕಾಯುವುದಿಲ್ಲ, ಬಿಟ್ಟುಬಿಡುತ್ತದೆ. ಮಾತು ನಡುನಡುವೆ ತುಂಡಾಗುವುದು ಅದರಿಂದಲೇ.

ಒಂದು ಕರೆಗೆ ಒಂದೊಂದು ದಿಕ್ಕಿನಲ್ಲಿ ಸುಮಾರು 90 ಕಿಲೋಬಿಟ್ ವೇಗ ಸಾಕು. ಇಂದಿನ ಅತಿ ಕಡಿಮೆ ದರದ ಫೈಬರ್ ಸಂಪರ್ಕದಲ್ಲಿಯೂ ಅದಕ್ಕಿಂತ ನೂರಾರು ಪಟ್ಟು ವೇಗ ಇರುತ್ತದೆ. ಆದಕಾರಣ ಫೋನಿಗಾಗಿ ಹೆಚ್ಚು ದರದ ಯೋಜನೆಗೆ ಹೋಗುವ ಅಗತ್ಯವಿಲ್ಲ. ಬೇಕಾದದ್ದು ವೇಗವಲ್ಲ, ತಡೆಯಿಲ್ಲದ ಹರಿವು. ಹನಿ ನೀರಾವರಿಯಲ್ಲಿ ಒತ್ತಡ ಸಮನಾಗಿರಬೇಕು ಎನ್ನುವುದಿಲ್ಲವೆ, ಹಾಗೆ.

ಕೊಳ್ಳುವ ಮೊದಲು ನೋಡಬೇಕಾದ್ದು

ಎತ್ತು ಕೊಳ್ಳುವವನು ಹಲ್ಲು ನೋಡದೆ ಹಗ್ಗ ಹಿಡಿಯುವುದಿಲ್ಲ. ಇಲ್ಲಿಯೂ ಅಂಗಡಿಯಲ್ಲಿ ನಿಂತೇ ನೋಡಬೇಕಾದವು ಇವು.

1. ಅದು ನಿಜವಾಗಿ ಐಪಿ ಫೋನೇ? ಕಚೇರಿಯ ಹಳೆಯ ಡಿಜಿಟಲ್ ಫೋನುಗಳೂ ನೋಡಲು ಹೀಗೆಯೇ ಇರುತ್ತವೆ. ಅವು ಆ ಕಚೇರಿಯ ಎಕ್ಸ್‌ಚೇಂಜ್ ಪೆಟ್ಟಿಗೆಯೊಡನೆ ಮಾತ್ರ ಕೆಲಸ ಮಾಡುತ್ತವೆ, ಮನೆಗೆ ಬಾರವು. ಫೋನನ್ನು ಮಗುಚಿ ನೋಡಿ. ಕಂಪ್ಯೂಟರಿನ ಕೇಬಲ್ ಸಿಕ್ಕಿಸುವಂಥ, ಎಂಟು ತಂತಿಯ ಅಗಲದ ಬಾಯಿ ಇರಬೇಕು. ಸಾಮಾನ್ಯವಾಗಿ ಅಂಥವು ಎರಡಿರುತ್ತವೆ.

2. ಅದು 'ಸಿಪ್' ಎಂಬ ಪದ್ಧತಿಯನ್ನು ಬಲ್ಲುದೇ? ಬೇರೆಬೇರೆ ಕಂಪನಿಗಳ ಫೋನುಗಳು ಒಂದಕ್ಕೊಂದು ಮಾತಾಡಲು ಒಪ್ಪಿಕೊಂಡ ಸಾಮಾನ್ಯ ಕ್ರಮ ಇದು. ಈಗ ಬಳಕೆಯಲ್ಲಿರುವ ಅದರ ರೂಪ 2002ರಲ್ಲಿ ಪ್ರಕಟವಾಯಿತು. ಯೀಲಿಂಕ್, ಗ್ರ್ಯಾಂಡ್‌ಸ್ಟ್ರೀಮ್, ಪಾಲಿಕಾಮ್ ಮುಂತಾದವು ಇದನ್ನು ನೇರವಾಗಿ ಬಲ್ಲವು. ಸಿಸ್ಕೋ ಫೋನುಗಳಲ್ಲಿ ಎರಡು ಬಗೆ. ಒಂದು ಆ ಕಂಪನಿಯದೇ ಕಚೇರಿ ವ್ಯವಸ್ಥೆಗೆಂದು ಮಾಡಿದ್ದು. ಅದನ್ನು ಮನೆಯಲ್ಲಿ ಜೋಡಿಸುವುದು ತಿಳಿದವರಿಗೂ ತ್ರಾಸದ ಕೆಲಸ. ಇನ್ನೊಂದು ಯಾರ ವ್ಯವಸ್ಥೆಗಾದರೂ ಹೊಂದುವಂಥದು. ಅದರ ಮಾದರಿ ಸಂಖ್ಯೆಯಲ್ಲಿ '3ಪಿಸಿಸಿ' ಎಂಬ ಗುರುತಿರುತ್ತದೆ. ಅವಾಯಾ ಫೋನುಗಳಲ್ಲಿ ಅನೇಕವು ಕಚೇರಿಯ ಸರ್ವರಿನಿಂದಲೇ ಎಲ್ಲ ವಿವರ ಪಡೆಯುವಂಥವು. ಹೊಸಬರು ಇವುಗಳ ಗೋಜಿಗೆ ಹೋಗದಿರುವುದು ಲೇಸು.

3. ಹಳೆಯ ಯಜಮಾನನ ಹಿಡಿತ ಬಿಟ್ಟಿದೆಯೇ? ಇದು ಬಹಳ ಮುಖ್ಯ. ಜಮೀನು ಕೊಳ್ಳುವಾಗ ಋಣಭಾರ ಪತ್ರ ತೆಗೆಸಿ ನೋಡುತ್ತೇವೆ. ಫೋನಿಗೂ ಋಣಭಾರ ಉಂಟು. ಪ್ರತಿ ಫೋನಿನ ಬೆನ್ನಿನ ಚೀಟಿಯಲ್ಲಿ 12 ಅಕ್ಷರ, ಅಂಕಿಗಳ ಒಂದು ಗುರುತು ಇದೆ. ಇದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಕೆಲವು ತಯಾರಕರ ಸರ್ವರುಗಳಲ್ಲಿ ಈ ಗುರುತಿನ ಎದುರಿಗೆ ಹಳೆಯ ಕಚೇರಿಯ ಹೆಸರು ದಾಖಲಾಗಿರುತ್ತದೆ. ಫೋನನ್ನು ಎಷ್ಟು ಸಲ ಅಳಿಸಿ ಹೊಸದು ಮಾಡಿದರೂ ಅಂತರ್ಜಾಲ ಸಿಕ್ಕ ಕೂಡಲೇ ಅದು ಆ ಸರ್ವರನ್ನು ಕೇಳಿ, ಹಳೆಯ ಕಚೇರಿಯ ವಿವರಗಳನ್ನೇ ಮತ್ತೆ ತುಂಬಿಕೊಳ್ಳುತ್ತದೆ. ಈ ಹಿಡಿತವನ್ನು ಬಿಡಿಸುವುದು ಹಳೆಯ ಕಚೇರಿಯಿಂದ ಅಥವಾ ಅದರ ಪರವಾಗಿ ಫೋನು ಜೋಡಿಸಿದವರಿಂದ ಆಗಬೇಕಾದ ಕೆಲಸ. ಆದ್ದರಿಂದ ಅಂಗಡಿಯಲ್ಲಿಯೇ ಫೋನನ್ನು ಪೂರ್ತಿ ಅಳಿಸಿಸಿ, ಅಂತರ್ಜಾಲಕ್ಕೆ ಹಚ್ಚಿಸಿ, ಐದು ಹತ್ತು ನಿಮಿಷ ಕಾದು ನೋಡಿ. ಪರದೆಯ ಮೇಲೆ ಯಾವುದೋ ಕಂಪನಿಯ ಹೆಸರು, ಚಿಹ್ನೆ ಮತ್ತೆ ಬಂದರೆ ನಮಸ್ಕಾರ ಹೇಳಿ ಹೊರಬೀಳಿ.

4. ವಿದ್ಯುತ್ತು ಹೇಗೆ? ಕಚೇರಿಗಳಲ್ಲಿ ಈ ಫೋನುಗಳಿಗೆ ಕೇಬಲ್ಲಿನಲ್ಲಿಯೇ ವಿದ್ಯುತ್ತು ಬರುತ್ತಿತ್ತು. ಆದಕಾರಣ ಹಳೆಯ ಫೋನಿನ ಜೊತೆ ಅಡಾಪ್ಟರ್ ಸಿಗುವುದು ಅಪರೂಪ. ಬೆನ್ನಿನ ಚೀಟಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ: ಕೆಲವಕ್ಕೆ 5, ಕೆಲವಕ್ಕೆ 12, ಕೆಲವಕ್ಕೆ 48. ಮನೆಯಲ್ಲಿದ್ದ ಯಾವುದೋ ಅಡಾಪ್ಟರಿನ ಪಿನ್ನು ಹೊಂದಿತೆಂದು ಸಿಕ್ಕಿಸಬೇಡಿ. 5 ವೋಲ್ಟಿನ ಫೋನಿಗೆ 12 ಕೊಟ್ಟರೆ ಅದು ಸುಟ್ಟೀತು. ಕೇಬಲ್ಲಿನಲ್ಲಿಯೇ ವಿದ್ಯುತ್ತು ಕೊಡುವ ಸಣ್ಣ ಪೆಟ್ಟಿಗೆ, ಅಂದರೆ 'ಪಿಓಇ ಇಂಜೆಕ್ಟರ್' ಕೊಂಡರೆ ಈ ಗೊಂದಲ ತಪ್ಪುತ್ತದೆ. ಅದರ ಮೇಲೆ '802.3ಎಎಫ್' ಎಂದು ಇರಲಿ. ಸಿಸ್ಕೋದ 7940, 7960ರಂಥ ಬಹು ಹಳೆಯ ಮಾದರಿಗಳು ಈ ಕ್ರಮ ಬರುವುದಕ್ಕಿಂತ ಮುಂಚಿನವು. ಅವಕ್ಕೆ ಇದು ಹೊಂದುವುದಿಲ್ಲ.

5. ರಿಸೀವರು, ಅದರ ಸುರುಳಿ ತಂತಿ, ಗುಂಡಿಗಳು. ತಂತಿ ಹಾಳಾಗಿದ್ದರೆ ಅಗ್ಗದಲ್ಲಿ ಬೇರೆ ಸಿಗುತ್ತದೆ. ಪರದೆ ಮಾಸಿದ್ದರೆ ಅಥವಾ ಗುಂಡಿ ಸ್ಪಂದಿಸದಿದ್ದರೆ ಬೇಡ.

ನಂಬರು ಎಲ್ಲಿಂದ?

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬಂತೆ, ನಂಬರಿನ ಯೋಚನೆ ಮಾಡದೆ ಫೋನು ತರುವವರೇ ಹೆಚ್ಚು. ಇಲ್ಲಿ ಮೂರು ದಾರಿಗಳಿವೆ.

ಮೊದಲನೆಯದು, ನಿಮ್ಮ ಮನೆಗೆ ಫೈಬರ್ ಕೊಟ್ಟ ಕಂಪನಿಯ ಸ್ಥಿರ ದೂರವಾಣಿ ನಂಬರು. ಈಗ ಫೈಬರ್ ಸಂಪರ್ಕದ ಜೊತೆಗೆ ಒಂದು ನಂಬರನ್ನು ಕೊಡುವುದು ರೂಢಿಯಲ್ಲಿದೆ. ಮನೆಯ ಫೈಬರ್ ಪೆಟ್ಟಿಗೆಯ ಹಿಂದೆ 'ಟೆಲ್' ಅಥವಾ 'ಫೋನ್' ಎಂಬ ಚಿಕ್ಕ ಬಾಯಿ ಇರುತ್ತದೆ. ಅದು ಸಾಮಾನ್ಯ ಫೋನಿಗೆ ಮಾತ್ರ. ಐಪಿ ಫೋನನ್ನು ಅಲ್ಲಿಗೆ ಹಚ್ಚಲಾಗದು. ಐಪಿ ಫೋನಿಗೆ ಆ ನಂಬರು ಬೇಕಿದ್ದರೆ ಸರ್ವರಿನ ವಿಳಾಸ, ಬಳಕೆದಾರ ಹೆಸರು, ಪಾಸ್‌ವರ್ಡ್ ಎಂಬ ಮೂರನ್ನು ಕಂಪನಿಯವರೇ ಕೊಡಬೇಕು. ಎಲ್ಲರೂ ಕೊಡುವುದಿಲ್ಲ. ಫೋನು ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ. ಕೊಡುವುದಿಲ್ಲವೆಂದರೆ, ಬೇಕಾಗಿರುವುದು ಮನೆಯಲ್ಲಿ ಒಂದೇ ಫೋನು ಎಂದಾದರೆ, ನಮ್ಮ ಸಲಹೆ ಸರಳ: ಕೆಲವು ನೂರು ರೂಪಾಯಿಯ ಸಾಮಾನ್ಯ ಗುಂಡಿ ಫೋನೊಂದನ್ನು ಆ ಚಿಕ್ಕ ಬಾಯಿಗೆ ಹಚ್ಚಿರಿ. ಹಿರಿಯರ ಕೆಲಸ ಅದರಿಂದಲೇ ಆಗುತ್ತದೆ. ಈ ಲೇಖನದ ಉಳಿದ ಭಾಗ ಓದುವ ಶ್ರಮವೂ ತಪ್ಪುತ್ತದೆ.

ಎರಡನೆಯದು, ನಂಬರಿಲ್ಲದೆ ಅಂತರ್ಜಾಲದ ಮೂಲಕ ಫೋನಿನಿಂದ ಫೋನಿಗೆ. ನಮ್ಮ ದೇಶದಲ್ಲಿ 2002ರ ಏಪ್ರಿಲ್ 1ರಿಂದ ಅಂತರ್ಜಾಲ ದೂರವಾಣಿಗೆ ಅವಕಾಶ ದೊರೆಯಿತು. ಒಂದು ಸಿಪ್ ಫೋನಿನಿಂದ ಅಂಥದೇ ಇನ್ನೊಂದು ಫೋನಿಗೆ ಮಾತಾಡುವುದು ಅಂದೇ ಒಪ್ಪಿಗೆ ಪಡೆದ ಬಗೆಗಳಲ್ಲಿ ಒಂದು. ಲಿನ್‌ಫೋನ್‌ನಂಥ ಕೆಲವು ಸೇವೆಗಳು ಇದಕ್ಕೆ ಉಚಿತ ಖಾತೆ ಕೊಡುತ್ತವೆ. ಊರಿನ ಪಡಸಾಲೆಯ ಫೋನಿಗೆ ಒಂದು ಖಾತೆ, ಬೆಂಗಳೂರಿನ ಮಗಳ ಮೊಬೈಲಿನ ಆ್ಯಪಿಗೆ ಇನ್ನೊಂದು. ಅವ್ವ ಒಂದು ಗುಂಡಿ ಒತ್ತಿದರೆ ಮಗಳ ಕೈಯಲ್ಲಿ ಗಂಟೆ ಬಾರಿಸುತ್ತದೆ. ಅಂಗಡಿಗೆ, ಆಸ್ಪತ್ರೆಗೆ ಮಾತ್ರ ಇದರಿಂದ ಕರೆ ಹೋಗದು.

ಮೂರನೆಯದು, ಮನೆಯೊಳಗಿನ ಇಂಟರ್‌ಕಾಮ್. ಇದಕ್ಕೆ ಖಾತೆಯೂ ಬೇಡ, ಹೊರಗಿನ ಅಂತರ್ಜಾಲವೂ ಬೇಡ. ಇದನ್ನು ಮುಂದೆ ವಿವರಿಸುತ್ತೇವೆ.

ಕಾನೂನಿನ ಬಗ್ಗೆ ಒಂದು ಮಾತು. ಪರವಾನಗಿ ಪಡೆದ ಕಂಪನಿಗಳು ಅಂತರ್ಜಾಲದ ಮೂಲಕ ಸಾಮಾನ್ಯ ನಂಬರುಗಳಿಗೂ ಕರೆ ಒದಗಿಸಬಹುದೆಂದು 2018ರಲ್ಲಿ ಸರ್ಕಾರ ಸ್ಪಷ್ಟಪಡಿಸಿತು. ಪರವಾನಗಿ ಇಲ್ಲದವರು ಅಗ್ಗದ ನಂಬರು ಕೊಡುತ್ತೇವೆ ಎಂದರೆ ಒಪ್ಪಬೇಡಿ. ಸಿಮ್ ಕಾರ್ಡುಗಳ ಪೆಟ್ಟಿಗೆಯೊಂದನ್ನು ನಿಮ್ಮ ಮನೆಯಲ್ಲಿಟ್ಟುಕೊಳ್ಳಿ, ಬಾಡಿಗೆ ಕೊಡುತ್ತೇವೆ ಎಂದರಂತೂ ಬಾಗಿಲೊಳಗೇ ಬಿಟ್ಟುಕೊಳ್ಳಬೇಡಿ. ಪರವಾನಗಿಯಿಲ್ಲದೆ ದೂರಸಂಪರ್ಕ ಸೇವೆ ನಡೆಸುವುದು 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದಲೂ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿಯೂ ಅಪರಾಧ. ನಂಬರು ನಿಮ್ಮ ಹೆಸರಿನಲ್ಲಿ ಇರಲಿ, ಬಿಲ್ಲು ನಿಮ್ಮ ಹೆಸರಿಗೆ ಬರಲಿ.

ಜೋಡಿಸುವ ಕ್ರಮ

ಮೊದಲು ಫೋನನ್ನು ಶುಚಿ ಮಾಡಿ. ಒಣ ಬಟ್ಟೆಯಿಂದ ಧೂಳು ಒರೆಸಿ, ರಿಸೀವರನ್ನು ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಒರೆಸಿ. ನೀರು ಚಿಮುಕಿಸಬೇಡಿ.

ಅನಂತರ ಕೇಬಲ್. ಹಳೆಯ ಮೇಜಿನ ಫೋನುಗಳಲ್ಲಿ ಬಹುಪಾಲಕ್ಕೆ ವೈಫೈ ಇಲ್ಲ, ತಂತಿಯೇ ಬೇಕು. ಬೆನ್ನಿನಲ್ಲಿ ಎರಡು ಬಾಯಿಗಳಿದ್ದರೆ 'ಇಂಟರ್‌ನೆಟ್', 'ಲ್ಯಾನ್' ಅಥವಾ 'ಎಸ್‌ಡಬ್ಲ್ಯೂ' ಎಂದಿರುವುದಕ್ಕೆ ರೂಟರಿನಿಂದ ಬಂದ ಕೇಬಲ್ ಹಾಕಿ. 'ಪಿಸಿ' ಎಂದಿರುವುದು ಕಂಪ್ಯೂಟರಿಗೆ. ಇಂಜೆಕ್ಟರ್ ಬಳಸುವುದಾದರೆ ರೂಟರಿನಿಂದ ಇಂಜೆಕ್ಟರಿಗೆ ಒಂದು ಕೇಬಲ್, ಇಂಜೆಕ್ಟರಿನಿಂದ ಫೋನಿಗೆ ಇನ್ನೊಂದು. ರಿಸೀವರಿನ ಸುರುಳಿ ತಂತಿಯನ್ನು ರಿಸೀವರಿನ ಚಿತ್ರವಿರುವ ಬಾಯಿಗೇ ಹಾಕಬೇಕು. ಪಕ್ಕದಲ್ಲಿರುವುದು ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್ಟಿಗೆ.

ಮೂರನೆಯದಾಗಿ, ಅಂಗಡಿಯಲ್ಲಿ ಅಳಿಸಿದ್ದರೂ ಮನೆಯಲ್ಲಿ ಮತ್ತೊಮ್ಮೆ ಅಳಿಸಿ. ಯೀಲಿಂಕ್ ಫೋನುಗಳಲ್ಲಿ ನಡುವಿನ 'ಓಕೆ' ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದರೆ ಅಳಿಸಲೇ ಎಂದು ಕೇಳುತ್ತದೆ. ಬೇರೆ ಕಂಪನಿಗಳಲ್ಲಿ ಇದು ಮೆನುವಿನೊಳಗೆ 'ಫ್ಯಾಕ್ಟರಿ ರೀಸೆಟ್' ಎಂದಿರುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ಫೋನು ತಾನೇ ಆರಿ ಹೊತ್ತಿಕೊಳ್ಳುವವರೆಗೆ ವಿದ್ಯುತ್ತು ತೆಗೆಯಬಾರದು.

ನಾಲ್ಕನೆಯದಾಗಿ, ಫೋನಿನ ಮೆನುವಿನಲ್ಲಿ 'ಸ್ಟೇಟಸ್' ನೋಡಿ. ಅಲ್ಲಿ 192.168.1.25ರ ಹಾಗೆ ಚುಕ್ಕೆಗಳಿರುವ ಒಂದು ಸಂಖ್ಯೆ ಕಾಣುತ್ತದೆ. ಅದು ನಿಮ್ಮ ಮನೆಯೊಳಗೆ ಆ ಫೋನಿನ ವಿಳಾಸ. ಮನೆಯ ವೈಫೈಗೆ ಸೇರಿದ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಬ್ರೌಸರ್ ತೆರೆದು, ಮೇಲಿನ ಪಟ್ಟಿಯಲ್ಲಿ ಆ ಸಂಖ್ಯೆ ಬರೆದರೆ ಫೋನಿನ ಒಳಪುಟ ತೆರೆಯುತ್ತದೆ. ಅದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅಳಿಸಿದ ಮೇಲೆ ಇದು ತಯಾರಕರು ಇಟ್ಟದ್ದೇ ಆಗಿರುತ್ತದೆ. ಅನೇಕ ಹಳೆಯ ಮಾದರಿಗಳಲ್ಲಿ ಎರಡೂ 'ಅಡ್ಮಿನ್'. ಪಾಲಿಕಾಮ್‌ನಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡ್ 456. ಕೆಲವು ಹೊಸ ಮಾದರಿಗಳಲ್ಲಿ ಬೆನ್ನಿನ ಚೀಟಿಯ ಮೇಲೆ ಬರೆದಿರುತ್ತದೆ. ಒಳಗೆ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಈ ಪಾಸ್‌ವರ್ಡನ್ನು ಬದಲಿಸುವುದು. ಹೊಸದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಐದನೆಯದಾಗಿ 'ಅಕೌಂಟ್' ಎಂಬ ಪುಟಕ್ಕೆ ಹೋಗಿ ವಿವರ ತುಂಬಿ. ಸರ್ವರಿನ ವಿಳಾಸ, ಬಳಕೆದಾರ ಹೆಸರು, ಪಾಸ್‌ವರ್ಡ್ ಇವು ಕಂಪನಿಯವರು ಕೊಟ್ಟಂತೆಯೇ, ಒಂದು ಚುಕ್ಕೆಯೂ ತಪ್ಪದಂತೆ. ಪೋರ್ಟ್ ಎಂಬಲ್ಲಿ ಸಾಮಾನ್ಯವಾಗಿ 5060 ಇರುತ್ತದೆ. 'ಡಿಸ್‌ಪ್ಲೇ ನೇಮ್' ಎಂಬುದು ನಿಮ್ಮ ಇಷ್ಟ. ಉಳಿಸಿದ ಮೇಲೆ 'ರಿಜಿಸ್ಟರ್ಡ್' ಎಂದು ಕಂಡರೆ ಫೋನು ಸರ್ವರಿನ ಹಾಜರಿ ಪುಸ್ತಕದಲ್ಲಿ ರುಜು ಹಾಕಿದಂತೆ. ಈ ಹಾಜರಿಯನ್ನು ಫೋನು ಆಗಾಗ್ಗೆ ತಾನೇ ಹಾಕುತ್ತಿರುತ್ತದೆ. ನಿಮಗೆ ಕರೆ ಬಂದಾಗ ನೀವು ಎಲ್ಲಿದ್ದೀರೆಂದು ಸರ್ವರಿಗೆ ತಿಳಿಯುವುದು ಈ ಹಾಜರಿಯಿಂದ.

ಕೊನೆಯದಾಗಿ, ಗಡಿಯಾರವನ್ನು ಭಾರತದ ಕಾಲಕ್ಕೆ, ಅಂದರೆ +5:30ಕ್ಕೆ ಇಡಿ. ಪಕ್ಕದ ಗುಂಡಿಗಳಿಗೆ ಮಗ, ಮಗಳು, ವೈದ್ಯರು, ಸಂಘದ ಕಚೇರಿ ಎಂದು ನಂಬರು ತುಂಬಿ, ಗುಂಡಿಯ ಬದಿಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ. ಗಂಟೆಯ ಸದ್ದನ್ನು ಹಿತ್ತಲಿಗೂ ಕೇಳುವಷ್ಟು ಏರಿಸಿ. ಒಳಗಿನಿಂದ ಹೊರಕ್ಕೊಂದು, ಹೊರಗಿನಿಂದ ಒಳಕ್ಕೊಂದು ಕರೆ ಮಾಡಿ ಎರಡೂ ಕಡೆ ಮಾತು ಕೇಳುವುದನ್ನು ಖಚಿತಪಡಿಸಿಕೊಳ್ಳಿ. ಮನೆಯಲ್ಲಿ ಅದನ್ನು ಬಳಸುವವರ ಕೈಯಿಂದಲೇ ಒಂದೆರಡು ಸಲ ಕರೆ ಮಾಡಿಸಿ ನೋಡಿದ ಮೇಲೆಯೇ ಜೋಡಣೆ ಮುಗಿದಂತೆ.

ತೊಂದರೆ ಬಂದರೆ

ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ: ಇದು ಬಹು ಸಾಮಾನ್ಯ. ದೋಷ ಬಹುಪಾಲು ಫೋನಿನದಲ್ಲ, ರೂಟರಿನದು. ರೂಟರಿನ ಒಳಪುಟದಲ್ಲಿ 'ಸಿಪ್ ಎಎಲ್‌ಜಿ' ಎಂಬುದೊಂದು ಇರುತ್ತದೆ. ಸಹಾಯಕ್ಕೆಂದು ಇಟ್ಟ ಅದು ಅನೇಕ ಸಲ ಅಡ್ಡಿಯಾಗುತ್ತದೆ. ಅದನ್ನು ಆರಿಸಿ ನೋಡಿ.

ಹೊರಗೆ ಕರೆ ಹೋಗುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬರುವುದಿಲ್ಲ: ಫೋನು ಹಾಜರಿ ಹಾಕಿದ ಬಾಗಿಲನ್ನು ರೂಟರು ಮುಚ್ಚಿಬಿಟ್ಟಿದೆ. 'ಕೀಪ್ ಅಲೈವ್' ಎಂಬುದನ್ನು ಚಾಲೂ ಮಾಡಿ 30 ಸೆಕೆಂಡಿಗೆ ಇಡಿ.

ಮಾತು ತುಂಡಾಗುತ್ತದೆ: ಮಕ್ಕಳು ಚಿತ್ರ ನೋಡುವಾಗ ಮಾತ್ರ ಹೀಗಾದರೆ ರೂಟರಿನಲ್ಲಿ 'ಕ್ಯೂಓಎಸ್' ಇದ್ದಲ್ಲಿ ಫೋನಿಗೆ ಆದ್ಯತೆ ಕೊಡಿ. ಯಾವಾಗಲೂ ಹೀಗಾದರೆ ಕೇಬಲ್ಲಿನ ತುದಿಗಳನ್ನು ನೋಡಿ. ಇಲಿ ಕಡಿದಿರುವುದೂ ಉಂಟು.

ಪರದೆಯೇ ಹೊತ್ತುವುದಿಲ್ಲ: ವಿದ್ಯುತ್ತಿನ ದೋಷ. ಬೇರೆ ಕೇಬಲ್ ಹಾಕಿ ನೋಡಿ. ಎಂಟು ತಂತಿಗಳಲ್ಲಿ ನಾಲ್ಕೇ ಕೂಡಿದ್ದರೆ ಮಾತು ಹೋಗಬಹುದು, ವಿದ್ಯುತ್ತು ಹೋಗದಿರಬಹುದು.

ಮನೆ, ಕಣ, ಕೊಟ್ಟಿಗೆಗಳ ನಡುವೆ

ಮಲೆನಾಡಿನ ಮತ್ತು ಕಾಫಿ ಸೀಮೆಯ ಸದಸ್ಯರಿಗೆ ಹೆಚ್ಚು ಉಪಯೋಗವಾಗುವುದು ಇಂಟರ್‌ಕಾಮ್. ಅಲ್ಲಿ ಮನೆ ತೋಟದ ನಡುವೆಯೇ ಇರುತ್ತದೆ. ಅಡಿಕೆ ಬೇಯಿಸುವ ಕೊಟ್ಟಿಗೆ, ಪಲ್ಪರ್ ಮನೆ, ಕಣ, ಲೈನು ಮನೆಗಳು ಕೂಗಳತೆಗಿಂತ ಸ್ವಲ್ಪ ದೂರ. ಒಂದೇ ರೂಟರಿಗೆ ಸೇರಿದ ಎರಡು ಐಪಿ ಫೋನುಗಳು ಸರ್ವರೇ ಇಲ್ಲದೆ ಒಂದನ್ನೊಂದು ಕರೆಯಬಲ್ಲವು. ನಂಬರಿನ ಬದಲು ಆ ಚುಕ್ಕೆಯ ವಿಳಾಸವನ್ನೇ ಒತ್ತುವುದು. ಅನೇಕ ಫೋನುಗಳಲ್ಲಿ ಚುಕ್ಕೆಗೆ ನಕ್ಷತ್ರದ ಗುಂಡಿ. ಒಳಪುಟದಲ್ಲಿ 'ಐಪಿ ಕಾಲ್'ಗೆ ಅನುಮತಿ ಕೊಟ್ಟಿರಬೇಕು. ವಿಳಾಸಗಳು ಬದಲಾಗದಂತೆ ರೂಟರಿನಲ್ಲಿ ಪ್ರತಿ ಫೋನಿಗೂ ಒಂದೊಂದನ್ನು ಕಾಯ್ದಿರಿಸಿ, ಗುಂಡಿಗಳಿಗೆ 'ಕೊಟ್ಟಿಗೆ', 'ಕಣ' ಎಂದು ತುಂಬಿದರೆ ಕೆಲಸದಾಳುಗಳೂ ಬಳಸಬಹುದು. ಅಂತರ್ಜಾಲ ಕೆಟ್ಟ ದಿನವೂ ಇದು ನಡೆಯುತ್ತದೆ.

ಇದಕ್ಕೆ ಎರಡು ಮಿತಿಗಳಿವೆ. ತಾಮ್ರದ ಕೇಬಲ್ 100 ಮೀಟರಿನವರೆಗೆ ಮಾತ್ರ. ಹೊಸರಿತ್ತಿಯ ಕಡೆ ಮನೆ ಊರಿನಲ್ಲಿ, ಹೊಲ ಹೊರಗೆ. ಪಂಪುಮನೆಯವರೆಗೆ ಕೇಬಲ್ ಎಳೆಯುವ ಮಾತೇ ಇಲ್ಲ, ಅಲ್ಲಿಗೆ ಮೊಬೈಲೇ ಗತಿ. ಎರಡನೆಯದು ಸಿಡಿಲು. ಬಯಲಿನಲ್ಲಿ ಎಳೆದ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಮನೆಯೊಳಗೆ ಕರೆತರುತ್ತದೆ. ಫೋನಷ್ಟೇ ಅಲ್ಲ, ರೂಟರು, ಟೀವಿಗಳೂ ಸುಟ್ಟಾವು, ಫೋನು ಹಿಡಿದವರಿಗೂ ಅಪಾಯ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ ಲೋಹವಿಲ್ಲದ ಫೈಬರ್ ತಂತಿ ಎಳೆದು, ಎರಡು ತುದಿಗೂ 'ಮೀಡಿಯಾ ಕನ್ವರ್ಟರ್' ಹಾಕುವುದೇ ಸರಿ. ಫೈಬರಿನಲ್ಲಿ ಸಿಡಿಲು ಹರಿಯದು, 100 ಮೀಟರಿನ ಮಿತಿಯೂ ಇಲ್ಲ. ಹೂಮಳೆಯ ಗುಡುಗು ಸಿಡಿಲುಗಳು ಬರುವ ಮೊದಲೇ ಈ ಕೆಲಸ ಮುಗಿದಿರಲಿ.

ವಿದ್ಯುತ್ತು ಹೋದಾಗ

ಹಳೆಯ ಫೋನು ಕತ್ತಲಲ್ಲಿಯೂ ನಡೆಯುತ್ತಿತ್ತೆಂದು ಮೇಲೆ ಹೇಳಿದ್ದೇವೆ. ಇದು ನಡೆಯುವುದಿಲ್ಲ. ಹೆಸ್ಕಾಂ ಇರಲಿ ಮೆಸ್ಕಾಂ ಇರಲಿ, ಕರೆಂಟು ಹೋದ ಕ್ಷಣವೇ ಫೈಬರ್ ಪೆಟ್ಟಿಗೆಯೂ ಫೋನೂ ಒಟ್ಟಿಗೆ ಆರುತ್ತವೆ. ಹಾವು ಕಚ್ಚುವುದಕ್ಕಾಗಲಿ ಎದೆನೋವಿಗಾಗಲಿ ಕರೆಂಟು ಬರುವವರೆಗೆ ಕಾಯುವ ತಾಳ್ಮೆಯಿಲ್ಲ. ಆದಕಾರಣ ಬ್ಯಾಟರಿಯ ಏರ್ಪಾಡಿಲ್ಲದೆ ಈ ಫೋನನ್ನು ನಂಬಬಾರದು.

ಲೆಕ್ಕ ಸುಲಭ. ಫೋನಿಗೆ ಸುಮಾರು 4 ವ್ಯಾಟ್, ಫೈಬರ್ ಪೆಟ್ಟಿಗೆಗೆ ಸುಮಾರು 10, ಒಟ್ಟು 15 ಎಂದು ಹಿಡಿಯೋಣ. 12 ವೋಲ್ಟ್, 7 ಆಂಪಿಯರ್-ತಾಸಿನ ಸಣ್ಣ ಬ್ಯಾಟರಿಯಲ್ಲಿ 84 ವ್ಯಾಟ್-ತಾಸು ಇರುತ್ತದೆ. ಬ್ಯಾಟರಿ ಬಾಳಲೆಂದು ಅದರ ಅರ್ಧವನ್ನೇ ಬಳಸಿದರೂ ಎರಡೂವರೆ ತಾಸು ಸಿಗುತ್ತದೆ. ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದ್ದರೆ ಫೈಬರ್ ಪೆಟ್ಟಿಗೆ ಮತ್ತು ಫೋನಿನ ಇಂಜೆಕ್ಟರ್ ಎರಡನ್ನೂ ಅದರ ಸಾಲಿಗೆ ಸೇರಿಸಿ. ಒಂದನ್ನು ಸೇರಿಸಿ ಇನ್ನೊಂದನ್ನು ಬಿಟ್ಟರೆ ಫಲವಿಲ್ಲ. ಹಲವು ಫೋನುಗಳಿರುವಲ್ಲಿ ಒಂದು ಪಿಓಇ ಸ್ವಿಚ್ ಇಟ್ಟು, ಅದೊಂದಕ್ಕೆ ಮತ್ತು ಫೈಬರ್ ಪೆಟ್ಟಿಗೆಗೆ ಬ್ಯಾಟರಿ ಕೊಟ್ಟರೆ, ಅದರಿಂದ ತಾಮ್ರದ ಕೇಬಲ್ ಹೋದ ಎಲ್ಲ ಫೋನುಗಳೂ ಜೀವಂತವಾಗಿರುತ್ತವೆ. ಫೈಬರಿನಲ್ಲಿ ವಿದ್ಯುತ್ತು ಹರಿಯದ ಕಾರಣ ಆಚೆ ಕಟ್ಟಡದ ಫೋನಿಗೆ ಅಲ್ಲಿಯೇ ಬೇರೆ ಏರ್ಪಾಡು ಬೇಕು. ಖರ್ಚಿನ ಚಿಂತೆ ಬೇಡ: 4 ವ್ಯಾಟಿನ ಫೋನು ವರ್ಷವಿಡೀ ಹೊತ್ತಿದ್ದರೂ ಸುಮಾರು 35 ಯೂನಿಟ್ಟು.

ತುರ್ತು ಕರೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅಂತರ್ಜಾಲ ಫೋನು ನೀವು ಎಲ್ಲಿದ್ದೀರೆಂದು ತಾನಾಗಿ ಹೇಳುತ್ತದೆಂದು ನಂಬಬೇಡಿ. ಊರು, ತಾಲ್ಲೂಕು, ಮನೆಗೆ ಬರುವ ದಾರಿಯ ಗುರುತು ಇವನ್ನು ಕಾಗದದಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿ. ಗಾಬರಿಯಲ್ಲಿ ಓದಿ ಹೇಳಿದರೆ ಸಾಕು. ನಿಮ್ಮ ನಂಬರಿನಿಂದ 112 ಮತ್ತು 108ಕ್ಕೆ ಕರೆ ಹೋಗುತ್ತದೆಯೇ ಎಂದು ಕಂಪನಿಯವರನ್ನು ಕೇಳಿಟ್ಟುಕೊಳ್ಳಿ. ಒಂದು ಮೊಬೈಲು ಯಾವಾಗಲೂ ಮನೆಯಲ್ಲಿ ಚಾರ್ಜಾಗಿ ಇರಲಿ.

ಕಳ್ಳರ ಬಗ್ಗೆ

ಅಂತರ್ಜಾಲಕ್ಕೆ ತೆರೆದಿಟ್ಟ ಫೋನನ್ನು ಹುಡುಕುತ್ತ ಹಗಲಿರುಳು ಅಲೆಯುವವರಿದ್ದಾರೆ. ಪಾಸ್‌ವರ್ಡು ಬದಲಿಸದ ಫೋನು ಸಿಕ್ಕರೆ ನಿಮ್ಮ ನಂಬರಿನಿಂದ ರಾತ್ರೋರಾತ್ರಿ ವಿದೇಶಕ್ಕೆ ಕರೆ ಮಾಡುತ್ತಾರೆ, ಬಿಲ್ಲು ನಿಮಗೆ. ಮೂರು ಕೆಲಸ ಮಾಡಿ: ಪಾಸ್‌ವರ್ಡು ಬದಲಿಸಿ, ವಿದೇಶ ಕರೆ ಬೇಡವೆಂದು ಕಂಪನಿಗೆ ಬರೆದುಕೊಡಿ, ರೂಟರಿನಲ್ಲಿ ಫೋನಿಗೆಂದು ಹೊರಗಿನಿಂದ ಬಾಗಿಲು ತೆರೆಯುವ 'ಪೋರ್ಟ್ ಫಾರ್ವರ್ಡ್' ಮಾಡಬೇಡಿ. ಯಾರೋ ತಿಳಿದವರು ಮಾಡು ಎಂದರೂ ಬೇಡ. ಮೇಲೆ ಹೇಳಿದ ಯಾವ ಕೆಲಸಕ್ಕೂ ಅದರ ಅಗತ್ಯವಿಲ್ಲ.

ಸಾರಾಂಶ ಇಷ್ಟು. ನಂಬರು ಸಿಗುವುದು ಖಚಿತವಾಗಲಿ, ಹಳೆಯ ಯಜಮಾನನ ಹಿಡಿತ ಬಿಟ್ಟಿರಲಿ, ಬ್ಯಾಟರಿ ಸಿದ್ಧವಿರಲಿ. ಆಮೇಲೆ ಫೋನು ಕೊಳ್ಳಿ. ಈ ಕ್ರಮ ತಪ್ಪದಿದ್ದರೆ ಪೇಟೆಯವರು ಬೇಡವೆಂದು ಬಿಟ್ಟ ಈ ಗಟ್ಟಿ ಉಪಕರಣ ನಮ್ಮ ಮನೆಗಳಲ್ಲಿ ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ. ಜೋಡಿಸಿಕೊಂಡ ಸದಸ್ಯರು ತಮ್ಮ ಫೋನಿನ ಮಾದರಿ, ಬಂದ ತೊಡಕು, ಬಿಡಿಸಿದ ಬಗೆ ಇವನ್ನು ನಮಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರ ಉಪಯೋಗಕ್ಕೆ ಪ್ರಕಟಿಸುತ್ತೇವೆ.